ಪುರಸೊತ್ತು

ಬೆಟಗೇರಿಯಾಗ ಲಗ್ನಪತ್ರಿಕೆ ಛಾಪಿಸೋ ಅಂಗಡಿ ಮ್ಯಾಲೆ
ನನ್ನ ಖೋಲಿ. ಕೆಳಗ ಟ್ರೆಡಲ್ ಓಡಿದ್ರ
ಇಲ್ಲಿ ಟೇಬಲ್ ನಡಗತದ,
ಚಹಾದಾಗ ಉಂಗುರ ಏಳತಾವ.
ಎಂಟು ತಿಂಗಳಿಂದ ಇಲ್ಲೇ ಕುಂತು
ಕಂಪ್ಯೂಟರಿಗೆ ಚಿತ್ರ ಬಿಡಸೋದು ಕಲಸಾಕ್ಹತ್ತೀನಿ:
ಫೋಟೋ ಹಾಕಿದ್ರ ಪೆನ್ಸಿಲ್ ಚಿತ್ರ ಬರಬೇಕು,
ಇನ್ನೊಂದು ಗುಂಡಿ ಒತ್ತಿದ್ರ ಎಣ್ಣೆಬಣ್ಣ.

ಅದಕ್ಕ ಮುಖ ಗೊತ್ತಿಲ್ಲ.
ಬೆಳಕು ಎಲ್ಲಿ ದಢಕ್ಕನ ಕತ್ತಲಾಗತದೋ
ಅಲ್ಲೊಂದು ಗೆರಿ ಎಳಿ ಅಂದೀನಿ, ಎಳೀತದ.
ಮೂಗಿಗೂ ಗೆರಿ, ಮೂಗಿನ ನೆರಳಿಗೂ ಗೆರಿ,
ಹಿಂದಿನ ಗ್ವಾಡಿಯ ಬಿರುಕಿಗೂ ಅಷ್ಟ ಮರ್ಯಾದಿ.
ಮೊದಲನೇ ವಾರ ನನ್ನ ಫೋಟೋನ ಹಾಕಿದೆ:
ಚಾಳೀಸು ಬಂತು, ನಾ ಬರಲಿಲ್ಲ.

ಹಿಂದಿನ ಓಣಿಯ ತುಳಜಾಸಾ ಬಾಕಳೆ
ನಲವತ್ತು ವರ್ಷ ಸ್ಟುಡಿಯೋದಾಗ ನೆಗೆಟಿವ್ ತಿದ್ದಿದವರು.
ಸೂಜಿಯಷ್ಟು ಚೂಪು ಪೆನ್ಸಿಲ್ ಹಿಡಿದು
ಮದಲಿಂಗರ ಮೊಡವಿ ಅಳಿಸಿದವರು,
ಸತ್ತವರ ಕಣ್ಣು ತೆರೆಸಿದವರು.
ಮೆಟ್ಟಲ ಹತ್ತಿ ಬಂದು, ದಮ್ಮು ತಗೊಂಡು,
ಪರದೆ ನೋಡಿ ಕೇಳಿದರು:
“ಇದಕ್ಕ ಕೆಮ್ಮು ಬರತದೇನು?
ಎಲ್ಲಾ ಗೆರಿ ಒಂದ ಉಸಿರಿನ್ಯಾಗ ಎಳದಂಗ ಅದ.”
ಆ ರಾತ್ರಿ ಗೆರಿಯೊಳಗ ತುಸು ನಡುಕ ಹಾಕಿದೆ,
ಲೆಕ್ಕ ಹಚ್ಚಿ, ಲೆಕ್ಕಿಲ್ಲದಂಗ ಕಾಣೋ ನಡುಕ.
ಮುಂಜಾನೆ ನೋಡಿದ್ರ
ಎಲ್ಲಾರೂ ಚಳಿಜ್ವರ ಬಂದವರಂಗ ಕಂಡರು.

ರಾಜೇಬಿ ನದಾಫ ಬಂದದ್ದು ಅದರ ಮರುವಾರ.
ಅವ್ವಂದು ಇದೊಂದ ಫೋಟೋ,
ಹಳೇ ರೇಶನ್ ಕಾರ್ಡಿನಿಂದ ಕಿತ್ತದ್ದು,
ಗಲ್ಲದ ಮ್ಯಾಲೆ ಅರ್ಧ ನೀಲಿ ಶಿಕ್ಕಾ.
ನನ್ನ ಪ್ರೋಗ್ರಾಮು ಭಾಳ ನಿಷ್ಠೆಯಿಂದ
ಆ ಶಿಕ್ಕಾನೂ ಬಿಡಿಸ್ತು:
ಕಿವಿಯಿಂದ ಜಾರಿ ಗಲ್ಲಕ್ಕ ಬಿದ್ದ ದೊಡ್ಡ ರಿಂಗಿನಂಗ,
ಅದರೊಳಗ ‘ದಾರ’ ಅನ್ನೋ ಎರಡು ಅಕ್ಷರ.

ನಾಕು ದಿನ ಹಿಡೀತು.
ನೀಲಿ ಬ್ಯಾರೆ ಮಾಡಿದೆ, ಶಿಕ್ಕಾ ಹೋತು.
ಕೂದಲದಾಗಿನ ಬಿಳಿ ಚುಕ್ಕಿ ಕಸ ಅಂತ ಉಡುಗಿದೆ.
ಎಣ್ಣೆಬಣ್ಣದ ಗುಂಡಿ ಒತ್ತಿದೆ:
ಎಲ್ಲೂ ಇಲ್ಲದ ಕಿಟಕಿಯಿಂದ ಸಂಜಿ ಬಿಸಲು ಬಂದು
ಆಕಿ ಗಲ್ಲದ ಮ್ಯಾಲೆ ಕುಂತಿತು.

ರಾಜೇಬಿ ಭಾಳ ಹೊತ್ತು ನೋಡಿದಳು.
ಸೆರಗಿನ ತುದಿಯಿಂದ ಪರದೆ ಒರೆಸಿದಳು, ಮತ್ತ ನೋಡಿದಳು.
“ಚಲೋ ಬಂದೈತ್ರಿ. ಆದ್ರ
ನಮ್ಮವ್ವಗ ಇಷ್ಟು ಪುರಸೊತ್ತು ಯಾವಾಗ ಇತ್ತು?”

ಕೆಳಗಿನ ಮಷೀನು ಆಗ ನಿಂತಿತ್ತು.
ತುಳಜಾಸಾ ಚಾಳೀಸು ಏರಿಸಿ ಮೂಲ ಫೋಟೋ ಎತ್ತಿದರು.
“ತಲಿ ಮ್ಯಾಲಿನ ಚುಕ್ಕಿ ಯಾಕ ತಗದಿ?”
ನಾ ಬಾಯಿ ತೆಗೆಯೋದ್ರಾಗ ಆಕೀನ ಅಂದಳು:
“ಹತ್ತಿ ಅದು. ಗಾದಿ ತುಂಬತಿದ್ಲು.
ಫೋಟೋದವ ಬಂದಾನಂದ್ರ ಹಂಗ ಎದ್ದು ಹೋದಾಕಿ,
ಝಾಡಿಸಿಕೊಳ್ಳಾಕ ಯಾರು ಬಿಟ್ಟರು?”

ಆ ರಾತ್ರಿ, ಮೋತಿ ನುಣ್ಣಗ ಮಾಡೋ ಅಂಕಿಗೆ
ಪುರಸೊತ್ತು ಅಂತ ಹೆಸರಿಟ್ಟೆ.
ಒಂದು ಇದ್ದದ್ದು ಅರ್ಧಕ್ಕ ಇಳಿಸಿದೆ,
ಅರ್ಧದಿಂದ ಕಾಲಿಗೆ.
ಹುಬ್ಬಿನ ನಡುವಿನ ಗಂಟು ಹೊಳ್ಳಿ ಬಂತು,
ಹತ್ತಿ ಬಂತು. ಹತ್ತಿ ಕೂಡ
ಗ್ವಾಡಿ ಸುಣ್ಣದ ಹೊಪ್ಪಳಿ ಬಂದವು,
ಕಾಗದಕ್ಕ ಹತ್ತಿದ ಧೂಳು ಬಂತು.
ಯಾವುದು ಹತ್ತಿ, ಯಾವುದು ಧೂಳು?
ಅದಕ್ಕಂತೂ ತಿಳಿಯಂಗಿಲ್ಲ. ನನಗೂ ತಿಳೀಲಿಲ್ಲ.

ಮರುದಿನ ರಾಜೇಬಿ ಪರದೆ ಮ್ಯಾಲೆ ಬೆರಳಿಟ್ಟು
ಒಂದೊಂದ ಹೇಳಿದಳು, ಅಕ್ಕಿ ಹಸನ ಮಾಡಿದಂಗ:
ಇದು ಹತ್ತಿ. ಇದೂ ಹತ್ತಿ. ಇದಲ್ಲ.
ಇದು ನಾ ಸಣ್ಣಾಕಿದ್ದಾಗ ಕೊಬ್ಬರಿ ಎಣ್ಣಿ ಕೈಲೆ
ಮುಟ್ಟಿದ ಕಲೆ, ಬೈಸಿಕೊಂಡೀನಿ.
ಎಡಗಿವಿ ಮ್ಯಾಲಿನ ಒಂದು ಚುಕ್ಕಿಗೆ ಬೆರಳು ನಿಂತಿತು.
ಬಗ್ಗಿ ನೋಡಿದಳು, ದೂರ ಸರದು ನೋಡಿದಳು.
“ಇದು ಗೊತ್ತಿಲ್ರಿ.”

ಕೆಳಗ ಟ್ರೆಡಲ್ ಚಾಲೂ ಆತು,
ಟೇಬಲ್ ನಡಗಿತು.
ಆ ಒಂದು ಚುಕ್ಕಿ ಹಂಗ ಬಿಟ್ಟೀನಿ.