ಶನಿವಾರದ ಹಲಗೆ

ಹೋದ ಶನಿವಾರ ಹೀಗೆ ಬರೆದಿದ್ದೆ,
ಶಿಡ್ಲಘಟ್ಟದ ಬಸ್‌ಸ್ಟ್ಯಾಂಡ್ ಹಿಂದಿನ ನನ್ನ ಸ್ಟುಡಿಯೋ ಬಾಗಿಲ ಪಕ್ಕ,
ಅದರ ಹಿಂದಿನ ವಾರದ ಮಂಜಿನ ಸುದ್ದಿ
ಪೂರಾ ಅಳಿಯದ ಕರಿಹಲಗೆಯ ಮೇಲೆ:

ದೊಡ್ಡ ಲೆನ್ಸು ದ್ಯಾವಪ್ಪನ ಹತ್ತಿರ. ಮಂಗಳವಾರ ವಾಪಸ್ಸು.
ಮಂಗಳವಾರ ಅಂದರೆ ಮಂಗಳವಾರ.
ಟ್ರೈಪಾಡಿನ ಮೂರನೇ ಕಾಲಿಗೆ ಸೈಕಲ್ ಟ್ಯೂಬ್ ಬಿಗಿದಿದೆ, ಬಿಚ್ಚಬೇಡಿ.
ಮೋಡದ ದಿನ. ಲೆನ್ಸನ್ನು ಅಕ್ಕಿ ಡಬ್ಬಿಯಲ್ಲಿಡಿ,
ಬೂಷ್ಟು ಹಿಡಿದರೆ ಆ ಕಣ್ಣಿಗೆ ನಮ್ಮ ತಾಲೂಕಿನಲ್ಲಿ ಡಾಕ್ಟರಿಲ್ಲ.
ಊರಾಚೆ ಕೆರೆಗೆ ಕೊಕ್ಕರೆ ಬಂದಿವೆಯಂತೆ.
ಅರುಂಧತಿ ಟೀಚರು ಕಂಡದ್ದು ಬಸ್ಸಿನ ಕಿಟಕಿಯಿಂದ,
ಅರ್ಧ ನಂಬಿ.
ಹಾಜಿರಾ ಬೀ ಕೂರುವ ಬೇಸಿನ್ ಮೇಲೆ ಬೆಳಕು
ಏಳೂಕಾಲಿಂದ ಎಂಟರ ತನಕ. ಚಪ್ಪಲಿ ಹೊರಗೆ.

ನಾವು ಹನ್ನೊಂದು ಜನ, ಲೆನ್ಸು ಒಂದು,
ಚೀಟಿ ಹಾಕಿ ಕೊಂಡದ್ದು.
ಗೂಡು ಮಾರ್ಕೆಟ್ಟಲ್ಲಿ ಹರಾಜು ಬರೆಯುವ ಬಾಬಾಜಾನ್,
ಡೈರಿಯ ಚೌಡರೆಡ್ಡಿ, ದ್ರಾಕ್ಷಿಗೆ ಔಷಧಿ ಹೊಡೆಯುವ ಪಿಳ್ಳಪ್ಪ,
ಆರು ದಿನ ಬೇರೆ ಬೇರೆ ವಾಸನೆಯವರು
ಏಳನೇ ದಿನ ಒಂದೇ ಶೆಡ್ಡಿನೊಳಗೆ
ಬೆಂದ ಹುಳದ ಹಬೆಯಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತೇವೆ.
ತಗಡಿನ ತೂತಿಂದ ಬಿಸಿಲು ಇಳಿಯುತ್ತದೆ,
ಅದರೊಳಗೆ ಆಕೆಯ ಬೆರಳು ಹೋಗುತ್ತದೆ,
ಕಣ್ಣಿಗೆ ಕಾಣದ್ದನ್ನು ಹಿಡಿದು ಮೇಲೆತ್ತಿ
ತಿರುಗುವ ರಾಟೆಗೆ ಕೊಡುತ್ತದೆ.
ನಾವು ಟಕ್ ಟಕ್ ಅನ್ನಿಸುತ್ತೇವೆ.
ಆ ಕೈಯ ಚಿತ್ರಕ್ಕೆ ದ್ಯಾವಪ್ಪನಿಗೆ ಬಹುಮಾನ ಬಂತು, ಗೋಡೆ ಗಡಿಯಾರ.
ಈಗದು ನನ್ನ ಅಂಗಡಿಯಲ್ಲಿ
ಐದು ನಿಮಿಷ ಹಿಂದೆ ಓಡುತ್ತಿದೆ.

ಸೋಮವಾರ ಆಕೆಯೇ ಬಂದಳು, ಕೈಯಲ್ಲಿ ಮಡಿಸಿದ ಫಾರಂ.
ರೇಷನ್ ಅಂಗಡಿಯ ಮೆಷಿನ್ನು ಹೆಬ್ಬೆಟ್ಟು ಒಪ್ಪುತ್ತಿಲ್ಲ.
ಬಲಗೈಯದಾಯಿತು, ಎಡಗೈಯದಾಯಿತು, ಹತ್ತೂ ಆಯಿತು.
ಇಪ್ಪತ್ತಾರು ವರ್ಷದ ಕುದಿನೀರು
ಗೆರೆಗಳನ್ನೆಲ್ಲ ಕುಡಿದುಬಿಟ್ಟಿದೆ.
"ಕೈ ನಡೆಯಲ್ವಂತೆ ಸಾರ್. ಮೋರೆ ಅಂಟಿಸಿ ಕೊಡಬೇಕಂತೆ. ಎರಡು ಫೋಟೋ."

ಫ್ಲ್ಯಾಶು ಕೆಟ್ಟಿತ್ತು.
ಅದಕ್ಕೇನಂತೆ, ನಿಮ್ಮದು ಬೇಕಾದಷ್ಟಿದೆ, ಅಂದು ಕಂಪ್ಯೂಟರು ತೆರೆದೆ.
ಇನ್ನೂರ ಹದಿನಾಲ್ಕು.
ಕೈ. ಕೈ. ಹಬೆ. ಕೈ, ಬಳೆ, ಹನಿ.
ಒಂದರಲ್ಲಿ ಕಿವಿ. ಒಂದರಲ್ಲಿ ಸೆರಗಿನಂಚು.
ಒಂದರಲ್ಲಿ ಗದ್ದದ ಕೆಳಗೆ ಇಳಿಯುವ ಬೆವರು,
ಅಲ್ಲಿಗೆ ಚೌಕಟ್ಟು ಮುಗಿದಿದೆ.
ಆಕೆ ಬಗ್ಗಿ ನೋಡಿದಳು.
"ಈ ಹಸಿರು ಬಳೆ ಒಡೆದು ಎರಡು ವರ್ಷ ಆಯ್ತು."
ಆಮೇಲೆ, ನಗು ತಡೆಯುತ್ತ,
"ತಲೆ ಎಲ್ಲಿಟ್ರಿ ನನ್ನದು?"

ಕುರ್ಚಿಯನ್ನು ಬಾಗಿಲಿಗೆ ಎಳೆದೆ, ಬೆಳಕು ಬೀಳುವಲ್ಲಿಗೆ.
ಕನ್ನಡಿ ಮುಂದಿನ ಬಾಚಣಿಗೆ ಆಕೆ ಮುಟ್ಟಲಿಲ್ಲ,
ಸೆರಗು ಮಾತ್ರ ಸರಿಮಾಡಿಕೊಂಡಳು.
ಗದ್ದ ಒಂಚೂರು ಮೇಲೆ, ಅಂದೆ,
ಸಾವಿರ ಜನಕ್ಕೆ ಅಂದ ಹಾಗೇ.
ಎತ್ತಿದಳು.
ಮೂಗಿನ ಎಡಕ್ಕೆ ಒಂದು ಮಚ್ಚೆ ಇದೆ.
ನಾಲ್ಕು ವರ್ಷ, ಭಾನುವಾರ ಭಾನುವಾರ ಹೋದವನು ನಾನು,
ಗೊತ್ತಿರಲಿಲ್ಲ.

ಅರವತ್ತು ರೂಪಾಯಿ. ಬೇಡ ಅಂದೆ.
ಎಣಿಸಿ ಪೌಡರ್ ಡಬ್ಬಿಯ ಕೆಳಗಿಟ್ಟು ಹೋದಳು.
ನೋಟು ಒದ್ದೆಯಿತ್ತು.

ಇವತ್ತು ಮತ್ತೆ ಶನಿವಾರ. ಒರೆಸಿದೆ, ಬರೆದೆ:

ನಾಳೆ ಏಳೂಕಾಲಕ್ಕೆ ಶೆಡ್ಡಿನಲ್ಲಿ
ಒಂಬತ್ತು ಜನರ ಪಾಸ್‌ಪೋರ್ಟ್ ಸೈಜು, ತಲಾ ಎಂಟು ಪ್ರತಿ.
ಹಿಂದೆ ಕಟ್ಟಲು ಬಿಳಿ ಪಂಚೆ ಬೇಕು.
ಕಲೆಯಿಲ್ಲದ್ದು, ಅಂದರೆ ಚೌಡರೆಡ್ಡಿಯದಲ್ಲ.
ಹೆಸರು ಕೇಳಿ ಬರೆದುಕೊಳ್ಳಿ, ಅವರು ಹೇಳಿದ ಹಾಗೆ.
ಪ್ರಿಂಟಿನ ಪೇಪರ್ ಖರ್ಚು ಚೀಟಿ ದುಡ್ಡಲ್ಲಿ, ಯಾರೂ ಗೊಣಗಬಾರದು.
ಕೊಕ್ಕರೆ ಸುದ್ದಿ ನಿಜ.
ದ್ಯಾವಪ್ಪ, ಮಂಗಳವಾರ ದಾಟಿ ನಾಲ್ಕು ದಿನವಾಯಿತು.
ನಾಳೆಗೆ ಆ ಲೆನ್ಸು ಬೇಡ,
ಆದರೂ ತಂದುಕೊಡು.