ಕೀಲಿಕೈಯ ಸರದಿ

ಬಸ್ಸು ನನ್ನನ್ನು ಇಳಿಸಿದ್ದು ಊರಿನಲ್ಲಲ್ಲ,
ಊರಿನ ಬೆನ್ನ ಹಿಂದೆ:
ಟೈರಿನಂಗಡಿ, ಕೋಳಿಪಂಜರ,
ಸಿಮೆಂಟು ಚೀಲ ಹೊದ್ದು ಮಲಗಿದ ಮೋಟರುಬೈಕು.
ದೇವಸ್ಥಾನ ಎಲ್ಲಿ ಎಂದೆ.
ಕಂಡಕ್ಟರ್ ಹುಡುಗ ಹೊಳೆಯ ಕಡೆಗೆ ಗದ್ದ ಎತ್ತಿ
ತಗಡಿಗೆ ಎರಡು ಸಲ ಬಡಿದ.
ಬಸ್ಸು ಹೋಯಿತು.

ಕಾರ್ತಿಕದ ಬಿಸಿಲು. ಇಟ್ಟಿಗೆ ಹಾಸಿದ ಓಣಿಯ ತುಂಬ
ಭತ್ತ ಹರವಿದ್ದಾರೆ. ನಡೆಯುವವರಿಗೆ ಬಿಟ್ಟದ್ದು
ಗೋಡೆಗಂಟಿದ ಒಂದು ಗೇಣು.
ಒಂದೊಂದೇ ಹೆಜ್ಜೆ ಇಟ್ಟುಕೊಂಡು ಹೋದೆ,
ತಲೆಗೆ ತಾಗುವ ಬೆಳ್ಳುಳ್ಳಿ ಗೊಂಚಲಿಗೆ
ಪ್ರತಿ ಸಲ ತಲೆಬಾಗಿ.

ಮೂರು ಸೂರಿನ ಗುಡಿ.
ಸೂರಿಗೆ ಆನಿಸಿದ ಓರೆ ಮರಗಳ ಮೇಲೆ
ಎಂಟೆಂಟು ಕೈಯ ದೇವಿಯರು,
ಅವರ ಪಾದದಡಿ ನಾಚಿಕೆಯಿಲ್ಲದ ಜೋಡಿಗಳು,
ಅವರೆಲ್ಲರ ಮೇಲೆ ಪಾರಿವಾಳಗಳ ಸಂಸಾರ.
ಬಾಗಿಲಿಗೆ ಬೀಗ,
ನನ್ನ ಮೊಣಕೈಯಷ್ಟು ಉದ್ದದ ಕಬ್ಬಿಣ.

ಜಗಲಿಯ ಮೇಲೆ ಮೂವರು ಮುದುಕರು.
ಇಬ್ಬರಿಗೆ ಕಿವಿ ಕೇಳದು. ಮೂರನೆಯವ ಹೇರಾಕಾಜಿ ಅಂದ,
ನನ್ನ ಹರಕು ಹಿಂದಿಗೆ ದಕ್ಕಿದ ಮಟ್ಟಿಗೆ:
ಕೀಲಿಗೆ ಸರದಿ ಉಂಟು.
ಹುಣ್ಣಿಮೆಯಿಂದ ಹುಣ್ಣಿಮೆಗೆ ಒಂದು ಮನೆ.
ಈ ತಿಂಗಳು ಸೈಂಜುಗಳದ್ದು.
ಅಲ್ಲ, ಸೈಂಜುಗಳದ್ದು ಹೋದ ತಿಂಗಳು.
ತಾಳು. ಅಲ್ಲ. ಈ ತಿಂಗಳೇ.

ಸೈಂಜುಗಳ ಮನೆಯಲ್ಲಿ ಅಷ್ಟಮಾಯಾ
ಚಾಪೆಯ ಮೇಲೆ ಮೆಣಸಿನಕಾಯಿ ಮಗುಚುತ್ತಿದ್ದಳು.
ಕೀಲಿ ಇಲ್ಲ ಎಂದು ಹೇಳುವ ಮೊದಲು
ಬೊಗಸೆಯಲ್ಲಿ ಅವಲಕ್ಕಿ ಸುರಿದಳು, ಮೇಲೆ ಹುರಿದ ಕರಿ ಸೋಯಾ.
ತಿಂದು ಮುಗಿಯುವ ತನಕ ಹೇಳಲಿಲ್ಲ.
ಆಮೇಲೆ ಮೂಲೆಮನೆ ತೋರಿಸಿದಳು.

ಮೂಲೆಮನೆಯ ಬಡಗಿ
ಹೊಸ ಮರದ ತೊಲೆಯೊಳಗಿಂದ
ಒಂದು ಕೈಯನ್ನು ಹೊರಗೆ ತೆಗೆಯುತ್ತಿದ್ದ.
ಭೂಕಂಪದಲ್ಲಿ ಬಿದ್ದ ದೇವಿ.
ಇನ್ನು ಏಳು ಕೈ ಬಾಕಿ, ಅಂದ, ತಲೆ ಎತ್ತದೆ.
ಕೀಲಿ ಅಣ್ಣನ ಮನೆಯಲ್ಲಿ.

ಅಣ್ಣನ ಮನೆಯ ಮುಂದೆ ಚಪ್ಪಲಿಗಳು ಬಹಳ,
ಮಾತು ಕಡಿಮೆ. ಬಿಳಿ ಬಟ್ಟೆಯ ಹುಡುಗ
ದೂರದಿಂದಲೇ ಕೈಯಾಡಿಸಿದ.
ಸೂತಕದ ಮನೆಯಲ್ಲಿ ಕೀಲಿ ಇರುವಂತಿಲ್ಲ,
ಸರದಿ ತಪ್ಪಿಸಿ ಮುಂದಕ್ಕೆ ಹೋಗಿದೆ.
ಇದು ನನಗೆ ಗೊತ್ತಿದ್ದ ಭಾಷೆ.
ಸುಮ್ಮನೆ ಕೈ ಮುಗಿದು ಹೊರಟೆ.

ಕೊನೆಗೆ ಸಿಕ್ಕಿದ್ದು ಹೊಳೆಯ ಮೆಟ್ಟಿಲ ಮೇಲೆ:
ಎಂಟನೆಯ ಕ್ಲಾಸಿನ ಪಲಿಸ್ತಾ,
ಕೊರಳಲ್ಲಿ ಶಾಲೆಯ ಗುರುತಿನ ಚೀಟಿ,
ಅದೇ ದಾರದಲ್ಲಿ ಗುಡಿಯ ಕೀಲಿ,
ತೊಡೆಯ ಮೇಲೆ ಬಿಡಿಸದ ಲೆಕ್ಕ.
ಪಟ್ಟಿಯಲ್ಲಿ ಅಪ್ಪನ ಹೆಸರು, ಅಂದಳು,
ಅಪ್ಪ ದೋಹಾದಲ್ಲಿ ಲಿಫ್ಟು ರಿಪೇರಿ.
ಹೆಣ್ಣುಮಕ್ಕಳ ಹೆಸರು ಬರೆಯುವುದಿಲ್ಲ.
ಎಣ್ಣೆ ತರುವುದು, ಗುಡಿಸುವುದು ನಾನು.

ಬೀಗ ತೆಗೆದಳು. ತಳ್ಳುವ ಮೊದಲು
ಬಾಗಿಲನ್ನು ಮೂರು ಸಲ ತಟ್ಟಿದಳು.
ಯಾಕೆ?
ಒಳಗೆ ಇದ್ದಾರಲ್ಲ.

ಸಾಸಿವೆಯೆಣ್ಣೆಯ ಹೊಗೆ, ಬಾವಲಿಯ ಘಾಟು.
ನೂರಾರು ವರ್ಷದ ಬೆರಳು ಸವರಿ ಸವರಿ
ದೇವರಿಗೆ ಕಣ್ಣಿಲ್ಲ, ಮೂಗಿಲ್ಲ.
ನುಣ್ಣನೆ ಒಂದು ಕಲ್ಲು, ಮೇಲೆ ಇವತ್ತಿನ ಕುಂಕುಮ.
ಇಷ್ಟು ಸುತ್ತಿ ಬಂದವನಿಗೆ
ಬೇಡಿಕೊಳ್ಳಲು ಏನೂ ನೆನಪಾಗಲಿಲ್ಲ.
ಅವಳು ಬಾಗಿಲಲ್ಲಿ ನಿಂತು
ಲೆಕ್ಕವನ್ನು ಬಾಯಲ್ಲಿ ಬಿಡಿಸುತ್ತಿದ್ದಳು.

ಹೊರಗೆ ಬಂದಾಗ ತೋರಿಸಿದಳು:
ಆ ಕಡೆಯಿಂದ ಒಂದು ಹೊಳೆ, ಈ ಕಡೆಯಿಂದ ಒಂದು.
ಮೂರನೆಯದು ಪುಣ್ಯವಂತರಿಗೆ ಮಾತ್ರ ಕಾಣುತ್ತದಂತೆ.
ನೀನು ನೋಡಿದ್ದೀಯಾ?
ಹೋದ ಮಳೆಗಾಲದಲ್ಲಿ, ಅಂದಳು,
ಮೂರೂ ಕೂಡಿ ನಮ್ಮ ಅಡಿಗೆಮನೆಗೆ ಬಂದಿದ್ದವು.
ಗೋಡೆಯ ಮೇಲೆ, ಅವಳ ಎದೆಮಟ್ಟಕ್ಕೆ,
ಮಣ್ಣಿನ ಗೆರೆ ಇನ್ನೂ ಇತ್ತು.

ಬೀಗ ಹಾಕಿ ಒಮ್ಮೆ ಜಗ್ಗಿ ನೋಡಿದಳು.
ನನಗೆ ಟಾಟಾ ಮಾಡಲಿಲ್ಲ. ಲೆಕ್ಕ ಬಾಕಿಯಿತ್ತು.

ಓಣಿಯಲ್ಲಿ ಬಿಸಿಲು ಇಳಿದು ಭತ್ತ ಬಾಚುತ್ತಿದ್ದರು.
ಅಷ್ಟಮಾಯಾ ನನ್ನ ಕೈಗೊಂದು ಪೊರಕೆ ಕೊಟ್ಟಳು,
ಯಾವಾಗಿನಿಂದಲೋ ಇದ್ದವನಿಗೆ ಕೊಟ್ಟ ಹಾಗೆ.
ಇಟ್ಟಿಗೆಯ ಸಂದಿನಿಂದ ಕಾಳು ಬಿಡಿಸುವುದು
ನಿಧಾನದ ಕೆಲಸ.
ಊರಿನ ಬೆನ್ನ ಹಿಂದೆ
ಕೊನೆಯ ಬಸ್ಸು ಹಾರ್ನು ಹಾಕಿತು.
ಇನ್ನೂ ಅರ್ಧ ಓಣಿ ಇತ್ತು.