ಮಾರಾಟಕ್ಕಲ್ಲ

ನನ್ನ ಮೈಮೇಲೆ ಮೊದಲು ಅಚ್ಚಾದ ಮಾತು
ಇದ್ದದ್ದು ಬೆನ್ನಿಗಿಂತ ಸ್ವಲ್ಪ ಕೆಳಗೆ.
ಶಾಲೆಗೆ ಸಜ್ಜಿಗೆಯ ರವೆ ಬರುತ್ತಿದ್ದ ಬಿಳಿ ಚೀಲ,
ಅದರ ಮೇಲೆ ಒಂದನ್ನೊಂದು ಹಿಡಿದ ಎರಡು ಕೈ,
ಅಡಿಯಲ್ಲಿ ಇಂಗ್ಲಿಷಿನ ಎಂತದೋ ಒಂದು ಸಾಲು.
ಅಮ್ಮ ಅದನ್ನು ಬಿಚ್ಚಿ, ಸೋಡಾದಲ್ಲಿ ಕುದಿಸಿ,
ಚಡ್ಡಿ ಹೊಲಿದಳು. ಕೈಗಳು ಮಾಸಲಿಲ್ಲ.
ಬೋಳಾರದ ದಾರಿಯಲ್ಲಿ ನಾನು ಓಡಿದರೆ
ಎಡಕ್ಕೊಂದು ಬಲಕ್ಕೊಂದು
ಕುಲುಕುತ್ತಾ ಬಿಡುತ್ತಾ ಕುಲುಕುತ್ತಾ.
ಸಿಪ್ರಿಯನ್ ಮಾಸ್ಟ್ರು ಒಂದು ದಿನ ಹಲಗೆಯ ಕಡೆ ಮುಖ ಮಾಡಿಸಿ
ಬೆತ್ತದ ತುದಿಯಿಟ್ಟು ಓದಿ ಹೇಳಿದರು:
'ಮಾರಾಟಕ್ಕಲ್ಲ.'
ತರಗತಿ ನಕ್ಕಿತು, ನಾನೂ ನಕ್ಕೆ.
ಇವತ್ತಿನವರೆಗೆ ನನ್ನ ಬಗ್ಗೆ ಯಾರೂ
ಅಷ್ಟು ಮರ್ಯಾದೆಯ ಮಾತು ಬರೆದದ್ದಿಲ್ಲ.

ಅಪ್ಪ ಬಂದರಿನಲ್ಲಿ ಗೋಣಿಗೆ ಗುರುತು ಹಾಕುವವ.
ತಗಡಿನ ಅಚ್ಚು, ಮಸಿ, ಬೋಳು ಕುಂಚ.
ನನ್ನ ಕಸುಬು ಅವನಿಗೆ ಹಿಡಿಸಲೇ ಇಲ್ಲ.
'ಹೆಂಚಿಗೆ ಹೆಸರು ಬೇಕು, ಗೋಣಿಗೆ ಗುರುತು ಬೇಕು,
ಹೊರುವವ ಬೇರೆ, ಒಡೆಯ ಬೇರೆ, ಅದಕ್ಕೆ.
ಮನುಷ್ಯನಿಗೆ ಎಂತಕ್ಕೆ ಮಾರಾಯ?'
ಅವನ ಅಪ್ಪ ಪಾದ್ರಿಗಳ ಮಗ್ಗದಲ್ಲಿ
ಗೇರು ಸಿಪ್ಪೆಯ ಬಣ್ಣಕ್ಕೆ ಖಾಕಿ ಅದ್ದುತ್ತಿದ್ದನಂತೆ.
ಒಂದಕ್ಷರ ಇಲ್ಲದ ಬಟ್ಟೆ,
ಆದರೂ ಹೆಬ್ಬೆಟ್ಟಿನವರೂ ದೂರದಿಂದಲೇ ಓದಿ
ಓಣಿ ಬದಲಿಸುತ್ತಿದ್ದರಂತೆ.

ನನ್ನದು ದಕ್ಕೆಯ ಹತ್ತಿರ, ಒಣಮೀನಿನ ಗೋಡೌನಿನ ಮೇಲೆ,
ಮರದ ಚೌಕಟ್ಟು, ಬಿಗಿದ ಪರದೆ, ರಬ್ಬರಿನ ಪಟ್ಟಿ.
ಒಂದು ಎಳೆತಕ್ಕೆ ಒಂದು ಎದೆ.
ಪಿಲಿವೇಷದ ತಂಡಕ್ಕೆ ಬಾಯಿ ತೆರೆದ ಹುಲಿ,
ಕಬಡ್ಡಿಯವರ ಬೆನ್ನಿಗೆ ಐಸ್ ಪ್ಲಾಂಟಿನ ಫೋನ್ ನಂಬರು,
ಕಾಲೇಜಿನ ಹುಡುಗಿಗೆ 'ನನ್ನಿಷ್ಟ' ಅಂತ, ಸಣ್ಣಕ್ಕೆ, ಜೇಬಿನ ಜಾಗದಲ್ಲಿ.
ಓಟಿನ ಸಮಯಕ್ಕೆ ಎರಡೂ ಕಡೆಯವರಿಗೆ ಸಾವಿರ ಸಾವಿರ,
ಒಂದೇ ರಾತ್ರಿ, ಉಗುರು ಮಾತ್ರ ಬಣ್ಣ ಬದಲಿಸುತ್ತದೆ.
ಸೋತವರ ಅಂಗಿ ಹೆಚ್ಚು ಬಾಳುತ್ತದೆ:
ಹಮ್ಮಬ್ಬನ ಬೋಟಿನಲ್ಲಿ ಇಂಜಿನು ಒರೆಸುವುದು
ಈಗಲೂ ಒಂದು ಭರವಸೆಯಿಂದ.
ಹಾಕಿದವನಿಗೆ ಅವನ ಮಾತು ಕಾಣುವುದು
ಕನ್ನಡಿಯಲ್ಲಿ, ಅದೂ ತಿರುಗಮುರುಗ.

ಸೋಣದ ಮೊದಲ ವಾರ ಹುಡುಗರು ಬಂದರು,
ಮೊಬೈಲಿನಲ್ಲಿ ಒಂದು ಮುಖ.
ತಿಲಕ ಪುತ್ರನ್. ಬಲೆಯ ರೋಪು ಕಾಲಿಗೆ ಸುತ್ತಿ ಹೋದವ,
ಸಿಗಲಿಲ್ಲ. ಅವನ ನೆನಪಿಗೆ ವಾಲಿಬಾಲು, ನಲವತ್ತು ಅಂಗಿ ಬೇಕು.
ಪರದೆಗೆ ಏರಿಸಲು ಮುಖವನ್ನು ಚುಕ್ಕೆಗಳಾಗಿ ಒಡೆಯಬೇಕು.
ಹತ್ತಿರ ಹೋದರೆ ಬರೀ ಚುಕ್ಕೆ,
ಬಾಗಿಲಿನವರೆಗೆ ಹಿಂದೆ ಸರಿದರೆ ಅವನು,
ಸ್ವಲ್ಪ ಕಣ್ಣು ಕಿರಿದು ಮಾಡಿ, ಬಿಸಿಲಿಗೆ ಮಾಡಿದ ಹಾಗೆ.

ಪಂದ್ಯ ಮುಗಿದ ಮೇಲೆ ಅವನ ತಾಯಿ ಅಪ್ಪಿಯಕ್ಕ
ಮೀನಿನ ಬುಟ್ಟಿ ಮೆಟ್ಟಿಲಲ್ಲೇ ಬಿಟ್ಟು ಮೇಲೆ ಬಂದಳು.
'ಒಂದು ಹೆಚ್ಚಿಗೆ ಉಂಟಾ?'
ದಕ್ಕೆಯ ಹೆಂಗಸರೆಲ್ಲ ಹಾಕುವ ಹಾಗೆ
ಸೀರೆಯ ಮೇಲೆಯೇ ಹಾಕಿದಳು,
ಹಾಕಿ, ತೆಗೆದು, ಒಳಮೈ ಹೊರಗೆ ಮಾಡಿ
ಮತ್ತೆ ಹಾಕಿಕೊಂಡಳು.
'ಹೀಗೆ ಆಗಬಹುದು.'
ಹೊರಗಿನಿಂದ ನೋಡಿದರೆ ಬರೀ ಹೊಲಿಗೆ, ಒಂದು ಕಂದು ನೆರಳು.
ದುಡ್ಡು ಬೇಡ ಎಂದೆ, ಕೇಳಿಸಿಕೊಳ್ಳಲಿಲ್ಲ.
ಒದ್ದೆ ನೋಟುಗಳನ್ನು ಮೇಜಿಗೆ ಅಂಟಿಸಿ
ಇಳಿದು ಹೋದಳು.

ಪರದೆ ತೊಳೆದೆ. ಬ್ಲೀಚು ಹಾಕಿ ತಿಕ್ಕಿದೆ, ಎರಡು ಸಲ.
ಕೆಲವು ಪರದೆಗಳು ಬಿಡುವುದಿಲ್ಲ,
ದೀಪಕ್ಕೆ ಹಿಡಿದರೆ ಹಳೆಯ ಕೆಲಸ ನಿಂತಿರುತ್ತದೆ.
ಹೊಸ ಚೌಕಟ್ಟು ಇರಲಿಲ್ಲ, ನಾಳೆಗೇ ಬೇಕು ಅಂದರು
ಹಂಪನಕಟ್ಟೆಯ ಜವಳಿ ಅಂಗಡಿಯವರು.
ಮೆಗಾ ಸೇಲ್, ಕೆಂಪು ಅಕ್ಷರ, ಬಿಳಿ ಅಂಗಿ.
ನೂರರಲ್ಲಿ ಆರೋ ಏಳೋ, ಅಕ್ಷರದ ಒಳಗೇ
ಒಂದು ಹುಬ್ಬು, ಕಿರಿದಾದ ಕಣ್ಣು.

ತಂದು ಎಣಿಸಿಕೊಂಡರು. ಲೆಕ್ಕ ಸರಿ ಉಂಟು ಅಂದರು.